ಕಡ್ಡಾಯ ಸ್ವಯಂಸೇವೆ

ನಮ್ಮ ಪಕ್ಕದ ಮನೆ ಗೌಡ್ರು ಕಾಂಪೌಂಡ್ ಗೋಡೆಯ ಮೇಲೆ ಕಾಫಿ ಲೋಟ ಇಟ್ಟರು ಅಂದರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಇವತ್ತು ಅವರ ಸಿಟ್ಟು ಮಗನ ಕಂಪನಿಯ ಮೇಲೆ.

"ನೋಡಿ ಮೇಷ್ಟ್ರೇ, ಶನಿವಾರ ಕೆರೆ ಕ್ಲೀನ್ ಮಾಡೋಕೆ ವಾಲಂಟಿಯರ್ ಆಗ್ಬೇಕಂತೆ. ಹೋಗದಿದ್ರೆ ಮ್ಯಾನೇಜರ್ ಕಾರಣ ಕೇಳ್ತಾನಂತೆ. ಇದ್ಯಾವ ಸೀಮೆ ಸೇವೆ?"

"ನಮ್ಮ ವೈಟ್‌ಫೀಲ್ಡಿಗೆ ಇದು ಹೊಸದಲ್ಲ ಬಿಡಿ ಗೌಡ್ರೇ. ಇಲ್ಲಿದ್ದೋರು ಬಂದೂಕನ್ನೇ ಹಿಂಗೆ ಹಿಡಿದಿದ್ರು."

ಗೌಡ್ರ ಕಿವಿ ನಿಮಿರಿತು. ಚರ್ಚಿಲ್ ಇಲ್ಲಿನ ವೇವರ್ಲಿ ಇನ್ ಹೋಟೆಲಿಗೆ ಬಂದು ಹೋಗುತ್ತಿದ್ದನೆಂಬ ಕಥೆ ಇಲ್ಲಿ ಆಟೋದವರಿಗೂ ಗೊತ್ತು. ಅದು ಎಷ್ಟು ನಿಜವೋ, ಆ ದೇವರೇ ಬಲ್ಲ. ನಿಜವಾಗಿ ಇದ್ದ ಬೆಂಗಳೂರು ರೈಫಲ್ ವಾಲಂಟಿಯರ್ಸ್ ಮಾತ್ರ ಯಾರಿಗೂ ನೆನಪಿಲ್ಲ. 1868ರಲ್ಲಿ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಕಟ್ಟಿದ ದಳ ಅದು. ವಾರವೆಲ್ಲ ಆಫೀಸು, ಅಂಗಡಿ, ರೈಲ್ವೆ ಕೆಲಸ, ಬಿಡುವಿನಲ್ಲಿ ಕವಾಯತು. ಸೇರಬಹುದಾಗಿದ್ದವರು ಯೂರೋಪಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರು. ಕೆಜಿಎಫ್ ಗಣಿಯವರಿಗೂ ಕೊಡಗು–ಮೈಸೂರಿನ ಕಾಫಿ ಪ್ಲಾಂಟರುಗಳಿಗೂ ಇಂಥವೇ ದಳಗಳಿದ್ದವು.

1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ 3,900 ಎಕರೆಯಲ್ಲಿ ಡಿ.ಎಸ್. ವೈಟ್ ಅವರ ಸಂಘ ಈ ಊರು ಕಟ್ಟಿತಲ್ಲ, ಅದೂ ಆಂಗ್ಲೋ ಇಂಡಿಯನ್ನರಿಗೆಂದೇ. ರೈಲ್ವೆಯಿಂದ, ಗಣಿಯಿಂದ ರಿಟೈರಾದವರು ಬಂದು ಇನ್ನರ್ ಸರ್ಕಲ್ಲಿನ ಸುತ್ತ ತೋಟದ ಮನೆ ಮಾಡಿಕೊಂಡರು.

"ಅವ್ರಿಗೇನು ಯುದ್ಧದ ಹುಚ್ಚಾ?" ಅಂದರು ಗೌಡ್ರು.

ಹುಚ್ಚು ಕೆಲವರಿಗೆ ಇದ್ದಿರಬಹುದು. ಆದರೆ ಆಂಗ್ಲೋ ಇಂಡಿಯನ್ ಹುಡುಗನಿಗೆ ರೈಲ್ವೆ ನೌಕರಿ ಬೇಕಾದರೆ ದಳಕ್ಕೂ ಸೇರಬೇಕಿತ್ತು. 1917ರಲ್ಲಿ, ಮಹಾಯುದ್ಧದ ನಡುವೆ, ಸರ್ಕಾರ ಕಾನೂನನ್ನೇ ತಂದು ಇಂಡಿಯಾದಲ್ಲಿದ್ದ ಯೂರೋಪಿಯನ್ ಬ್ರಿಟಿಷ್ ಪ್ರಜೆಗಳಿಗೆ ಸೇವೆ ಕಡ್ಡಾಯ ಮಾಡಿತು. 1920ರಲ್ಲಿ ಈ ದಳಗಳೆಲ್ಲ ಆಕ್ಸಿಲಿಯರಿ ಫೋರ್ಸ್ ಆದವು. ಹೊರಗಿನ ಶತ್ರುವಿನಷ್ಟೇ ಊರೊಳಗಿನ ಗಲಭೆ, ಮುಷ್ಕರಗಳಿಗೂ ಇವರನ್ನು ಕರೆಯುತ್ತಿದ್ದರು.

"ನಮ್ಮೋರು ಯಾರೂ ಸೇರ್ಲಿಲ್ವಾ?"

"ಸೇರಿಸಿಕೊಳ್ಳಬೇಕಲ್ಲ! ನಮಗೂ ಅವಕಾಶ ಕೊಡಿ ಅಂತ 1886ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲೇ ಕೇಳಿದ್ರು. 1920ರಲ್ಲಿ ಕೊಟ್ಟಾಗಲೂ ಟೆರಿಟೋರಿಯಲ್ ಫೋರ್ಸ್ ಅಂತ ಬೇರೆ ಪಂಕ್ತಿಯಲ್ಲೇ ಎಲೆ ಹಾಕಿದ್ರು."

"ಬರ್ತೀವಿ ಅಂದೋರನ್ನ ಬಾಗ್ಲಲ್ಲಿ ನಿಲ್ಲಿಸಿ, ಬೇರೆಯೋರನ್ನ ನೌಕರಿ ಆಸೆ ತೋರ್ಸಿ ಎಳ್ಕೊಂಡ್ರು ಅನ್ನಿ," ಎಂದು ಗೌಡ್ರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ನನಗೆ ಅದಕ್ಕಿಂತ ಹೆಚ್ಚು ಹೇಳಲು ಉಳಿಯಲಿಲ್ಲ.

1947ರಲ್ಲಿ ದಳ ವಿಸರ್ಜನೆಯಾಯಿತು. ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ ಎಂದು ಎಷ್ಟೋ ಆಂಗ್ಲೋ ಇಂಡಿಯನ್ ಕುಟುಂಬಗಳು ಹೊರಟುಹೋದವು. ಉಳಿದವರು ನಮ್ಮ ನಡುವೆಯೇ ಮುದುಕರಾದರು. ಈಗ ಮೊಮ್ಮಕ್ಕಳು ತಾತನ ಗುರುತು ಹುಡುಕಬೇಕೆಂದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ಕಡತಗಳ ಮೊರೆ ಹೋಗಬೇಕು.

ಇಲ್ಲೇ ಸಿಗಬಹುದಾದ ಸಾಕ್ಷಿಯೂ ಒಂದಿದೆ. ಇಪ್ಪತ್ತು ವರ್ಷ ಸೇವೆ ಮಾಡಿದ ವಾಲಂಟಿಯರಿಗೆ ಬೆಳ್ಳಿ ಪದಕ ಕೊಡುತ್ತಿದ್ದರು. ಮುಂದೆ ರಾಣಿಯದೋ ರಾಜನದೋ ಮುಖ; ಪದಕವನ್ನು ಓರೆ ಮಾಡಿ ಹಿಡಿದರೆ ಅಂಚಿನಲ್ಲಿ ಆ ಮನುಷ್ಯನ ಹೆಸರು, ದಳದ ಹೆಸರು. ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವಾಗ ಇಂಥದ್ದು ಟ್ರಂಕಿನಲ್ಲಿ ಸಿಕ್ಕರೆ, ತೂಕಕ್ಕೆ ಹಾಕಿ ಕರಗಿಸುವ ಮೊದಲು ಅಂಚನ್ನೊಮ್ಮೆ ಓದಿ, ಫೋಟೋ ತೆಗೆದಿಟ್ಟುಕೊಳ್ಳಿ. ಬೆಳ್ಳಿಗೆ ನಾಲ್ಕು ಕಾಸು ಸಿಗುತ್ತದೆ, ಸರಿ. ಆ ಹೆಸರು ಬೇರೆಲ್ಲೂ ಸಿಗದೆ ಹೋಗಬಹುದು.