ಗ್ಯಾರೇಜ್ ರಾಯರು ಮತ್ತು ಭಾನುವಾರದ ಬಳಗ

ಥರ್ಟಿ–ಫಾರ್ಟಿ ಸೈಟಿನ 1,200 ಚದರಡಿಯಲ್ಲಿ ಮನೆ, ಬಾಡಿಗೆಗೊಂದು ಪೋರ್ಷನ್ನು, ಮಹಡಿ ಮೆಟ್ಟಿಲು, ತುಳಸಿ ಕಟ್ಟೆ ಇಷ್ಟನ್ನೂ ಹಿಡಿಸಿದ ಮೇಲೆ ಒಂದಷ್ಟು ಜಾಗ ಉಳಿಯುತ್ತದಲ್ಲ, ಅದಕ್ಕೆ ಬೆಂಗಳೂರಿನಲ್ಲಿ ಗ್ಯಾರೇಜು ಅನ್ನುತ್ತಾರೆ. ಎಂಬತ್ತರ ದಶಕದ ಕೊನೆಯಲ್ಲಿ ಕಟ್ಟಿದ ಮನೆಯಾದರೆ ಅದರ ಅಳತೆ ಮಾರುತಿ 800ರ ಅಳತೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಆ ಕಾರು 11 ಅಡಿಗೂ ಕಡಿಮೆ ಉದ್ದ. ಅಪ್ಪ ಅದಕ್ಕೆಂದು ಕಟ್ಟಿಸಿದ ಗೂಡಿಗೆ ಮಗ ಎಸ್‌ಯುವಿ ತಂದು ತೂರಿಸಿದರೆ ಕಾರೇನೋ ಒಳಗೆ ಹೋಗುತ್ತದೆ, ಡ್ರೈವರ್ ಹೊರಗೆ ಬರುವುದಿಲ್ಲ. ಆದ್ದರಿಂದ ಕಾರು ರಸ್ತೆಗೆ ಬಂತು. ಗ್ಯಾರೇಜಿಗೆ ಹಳೇ ಸೈಕಲ್ಲು, ಕಾಲು ಮುರಿದ ಮಂಚ, ಎರಡು ಕೂಲರ್, ಮಕ್ಕಳ ಒಂದನೇ ಕ್ಲಾಸಿನ ನೋಟ್‌ಬುಕ್ಕುಗಳು ಬಂದವು.

ಇಂಥ ಗ್ಯಾರೇಜಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ತಲೆ ಒಂದು ಪಕ್ಕಕ್ಕೆ ವಾಲಿಸಿ, "ಇಲ್ಲಿ ಏನಾದರೂ ಮಾಡಬಹುದು" ಅನ್ನುವವರೇ ಗ್ಯಾರೇಜ್ ರಾಯರು. ವಿಜಯನಗರದಲ್ಲಿದ್ದಾರೆ, ಜೆ.ಪಿ. ನಗರದಲ್ಲಿದ್ದಾರೆ, ಮೈಸೂರಿನ ಕುವೆಂಪುನಗರದಲ್ಲೂ ಇದ್ದಾರೆ. ನಮ್ಮ ಬೀದಿಗೆ ಒಬ್ಬರು ಸಿಕ್ಕಿರುವುದು ನಮ್ಮ ಪುಣ್ಯ. ವಯಸ್ಸು ಐವತ್ತರ ಈಚೆ. 2020ರ ಲಾಕ್‌ಡೌನಿನಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕುಕ್ಕರ್ ಕೂಗಿದಾಗಲೆಲ್ಲ ಮ್ಯೂಟ್ ಒತ್ತುತ್ತ ಕೂತಾಗ ಅವರಿಗೆ ಜ್ಞಾನೋದಯವಾಯಿತು. ಮನುಷ್ಯನಿಗೆ ತನ್ನದೇ ಆದ ಒಂದು ಆಫೀಸು ಬೇಕು, ಅದಕ್ಕೊಂದು ಶಟರ್ ಬೇಕು.

ರಾಯರಿಗೆ ಸ್ವಂತ ಮನೆಯ ಖಾತಾ ನಂಬರ್ ನೆನಪಿಲ್ಲ. ಆದರೆ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಅಡಿಸನ್ ಅವೆನ್ಯೂ 367ನೇ ನಂಬರಿನ ಮನೆಯ ಗ್ಯಾರೇಜು ಬಾಯಿಪಾಠ. ಹ್ಯೂಲೆಟ್, ಪ್ಯಾಕರ್ಡ್ ಎಂಬಿಬ್ಬರು ಸ್ನೇಹಿತರು ಅಲ್ಲಿ ಕೂತು ಆಡಿಯೊ ಆಸಿಲೇಟರ್ ಮಾಡಿದ್ದು, ಡಿಸ್ನಿಯವರು ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ ಎಂಟು ಯಂತ್ರ ಕೊಂಡಿದ್ದು, 1998ರಲ್ಲಿ ಗೂಗಲ್ಲಿನ ಹುಡುಗರು ಮೆನ್ಲೊ ಪಾರ್ಕಿನ ಗ್ಯಾರೇಜಿಗೆ ಬಾಡಿಗೆಗೆ ಬಂದಿದ್ದು, ಎಲ್ಲ ಹೇಳುತ್ತಾರೆ. ಆಪಲ್ ಹುಟ್ಟಿದ ಗ್ಯಾರೇಜಿನ ಕಥೆಯಲ್ಲಿ ಸುಮಾರು ಭಾಗ ಬರೀ ಕಥೆ ಎಂದು ಆ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ವಾಜ್ನಿಯಾಕ್ ಅವರೇ 2014ರಲ್ಲಿ ಹೇಳಿದ್ದಾರೆ ಎಂದು ನಾನು ತಿಳಿಸಿದೆ. ರಾಯರು ನನ್ನನ್ನು ಕನಿಕರದಿಂದ ನೋಡಿದರು. ಅವರ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. "ಅವರ ಗ್ಯಾರೇಜಲ್ಲಿ ಸಂಪು ಇತ್ತಾ?"

ಅದಕ್ಕೆ ಉತ್ತರ ಬರಲಿಲ್ಲ. ಮುಂದೆ ಬಂತು, ಹೇಳುತ್ತೇನೆ.

ಮೊದಲು ಮೇಸ್ತ್ರಿಯನ್ನು ಕರೆದದ್ದು ನಿಜ. ಆತ ಬೀಡಿ ಆರಿಸಿ, ಗೋಡೆ ತಟ್ಟಿ, ಒಂದು ಮೊತ್ತ ಹೇಳಿದ. ರಾಯರಿಗೆ ಅವಮಾನವಾಯಿತು. ನಾಲ್ಕಿಂಚಿನ ಸಾಲಿಡ್ ಬ್ಲಾಕಿನ ಒಂದು ಗೋಡೆ, ನೆಲಕ್ಕೆ ಟೈಲ್ಸು, ಒಂದಿಷ್ಟು ವೈರಿಂಗು, ಇದಕ್ಕೆ ಅಷ್ಟು ದುಡ್ಡೇ? "ನಮ್ಮ ಹುಡುಗರೇ ಇದ್ದಾರಲ್ಲ!" ಹುಡುಗರಲ್ಲಿ ಇಬ್ಬರಿಗೆ ಮೊಮ್ಮಕ್ಕಳಿವೆ, ಒಬ್ಬರಿಗೆ ಸ್ಟೆಂಟ್ ಹಾಕಿದೆ. ವಾಟ್ಸ್ಯಾಪ್‌ನಲ್ಲಿ ‘ಆಪರೇಷನ್ ಗ್ಯಾರೇಜ್’ ಎಂಬ ಗುಂಪು ಹುಟ್ಟಿತು. ಶನಿವಾರ ಸಂಜೆ ಒಬ್ಬೊಬ್ಬರಿಗೂ ಫೋನು ಹೋಯಿತು. "ನಾಳೆ ಏನ್ ಪ್ರೋಗ್ರಾಂ?" ಅಂದಾಗ "ಏನಿಲ್ಲ" ಅಂದವನು ಕೆಟ್ಟ.

ಬೆಳಿಗ್ಗೆ ಏಳಕ್ಕೆ ಅಂದದ್ದಕ್ಕೆ ಒಂಬತ್ತೂವರೆಗೆ ಬಂದರು. ಸ್ನೇಹಿತರಿಗೆ ಕೂಲಿ ಕೊಡುವಂತಿಲ್ಲ. ಆದ್ದರಿಂದ ತಿಂಡಿ. ಇಡ್ಲಿ ವಡೆಯಲ್ಲಿ ಶುರುವಾಗಿ, ಹನ್ನೊಂದಕ್ಕೆ ಕಾಫಿ, ಒಂದಕ್ಕೆ ಬಿಸಿಬೇಳೆ ಭಾತು, ಮೇಲೆ ಮೊಸರನ್ನ, ನಾಲ್ಕಕ್ಕೆ ಮೆಣಸಿನಕಾಯಿ ಬಜ್ಜಿ. ಗ್ಯಾರೇಜ್ ಪರಿವರ್ತನೆಯ ನಿಜವಾದ ಕಾರ್ಮಿಕರು ಅಡುಗೆಮನೆಯಲ್ಲಿದ್ದರು. ಅವರನ್ನು ಯಾರೂ ಗುಂಪಿಗೆ ಸೇರಿಸಿರಲಿಲ್ಲ.

ಮೊದಲ ಭಾನುವಾರ ಪೂರ್ತಿ ಸಾಮಾನು ಖಾಲಿ ಮಾಡುವುದರಲ್ಲಿ ಹೋಯಿತು. ಖಾಲಿ ಅಂದರೆ ಎಸೆಯುವುದಲ್ಲ. ಪ್ರತಿ ವಸ್ತುವಿಗೂ ಒಬ್ಬ ವಕೀಲ ಹುಟ್ಟಿಕೊಳ್ಳುತ್ತಿದ್ದ. ಕೂಲರಿನ ಮೋಟಾರ್ ಚೆನ್ನಾಗಿದೆ ಎಂದೊಬ್ಬ, ಮಂಚ ತೇಗದ್ದು ಎಂದಿನ್ನೊಬ್ಬ. ಗುಜರಿಯವನಿಗೆ ಸಿಕ್ಕಿದ್ದು ದಿನಪತ್ರಿಕೆ ಮಾತ್ರ, ಉಳಿದದ್ದೆಲ್ಲ ಟೆರೇಸಿಗೆ ಏರಿತು.

ಬಳಗದಲ್ಲಿ ಒಬ್ಬರ ಹತ್ತಿರ ಡ್ರಿಲ್ ಮೆಷಿನ್ ಇತ್ತು. ಅವರ ಸ್ನೇಹಕ್ಕೆ ಅದೇ ಆಧಾರವೋ ಏನೋ, ಮುಟ್ಟಲು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಗೋಡೆ ಏಳುವ ಮೊದಲೇ ಇದ್ದ ಗೋಡೆಗೆಲ್ಲ ತೂತು ಬಿತ್ತು. "ಮುಂದೆ ಬೇಕಾಗುತ್ತೆ" ಎಂಬುದು ಅವರ ಸಿದ್ಧಾಂತ. ಇನ್ನೊಬ್ಬರು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರು. ಪ್ಲಾಸ್ಟಿಕ್ ಕುರ್ಚಿಯಿಂದ ಏಳದೆ ಸೇತುವೆಗಳನ್ನು ಕಟ್ಟಿದ ಗಾಂಭೀರ್ಯದಲ್ಲಿ ಸಿಮೆಂಟು ಮರಳಿನ ಪ್ರಮಾಣ ಹೇಳುತ್ತಿದ್ದರು, ಬ್ಲಾಕ್ ಕೆಲಸಕ್ಕೆ ಒಂದಕ್ಕೆ ಆರು, ಗಾರೆಗೆ ಒಂದಕ್ಕೆ ನಾಲ್ಕು. ಅವರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಅದಕ್ಕೇ ಯಾರೂ ಕೇಳಲಿಲ್ಲ. ವಾಸ್ತು ಬಲ್ಲವರೂ ಒಬ್ಬರಿದ್ದರು. ಅವರ ವಿಚಾರ ಬಿಡಿ, ಪ್ರತಿ ಬಳಗದಲ್ಲೂ ಇರುತ್ತಾರೆ.

ನೋಡಬೇಕಾಗಿದ್ದದ್ದು ನೆಲದ ಕೆಲಸ. ಗ್ಯಾರೇಜಿನ ನೆಲಕ್ಕೆ ರಸ್ತೆಯ ಕಡೆ ಇಳಿಜಾರು ಇಟ್ಟೇ ಕಟ್ಟಿರುತ್ತಾರೆ, ಕಾರು ತೊಳೆದ ನೀರು ಹೊರಗೆ ಹರಿಯಲಿ ಎಂದು. ಅದನ್ನು ಆಫೀಸು ಮಾಡಬೇಕಾದರೆ ಮೊದಲು ಮಟ್ಟ ಮಾಡಬೇಕು. ಮಟ್ಟ ನೋಡಲು ಮೇಸ್ತ್ರಿಗಳು ಬಳಸುವುದು ಪಾರದರ್ಶಕ ಪೈಪು. ಅದರಲ್ಲಿ ನೀರು ತುಂಬಿ ಎರಡು ತುದಿಯನ್ನೂ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ, ಅಲ್ಲಿಗೆ ಪೆನ್ಸಿಲ್ ಗುರುತು. ಒಂದು ತುದಿ ಡ್ರಿಲ್ಲಿನವರ ಕೈಯಲ್ಲಿ, ಒಳಗೋಡೆಯ ಹತ್ತಿರ. ಇನ್ನೊಂದು ರಾಯರ ಕೈಯಲ್ಲಿ, ಶಟರಿನ ಹತ್ತಿರ. ನೀರು ಚೆಲ್ಲಿ ಹೊಸ ಪ್ಯಾಂಟು ನೆನೆದೀತೆಂದು ರಾಯರು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದಿದ್ದರು. ಬಾಯಿ ಮುಚ್ಚಿದ ಪೈಪಿನಲ್ಲಿ ನೀರು ಹೇಗೆ ಮಟ್ಟಕ್ಕೆ ಬಂದೀತು? ಕುರ್ಚಿಯಿಂದ ಎಂಜಿನಿಯರು, "ಬೆರಳು ತೆಗೀರಿ, ಬೆರಳು ತೆಗೀರಿ" ಎಂದು ಎರಡು ಸಲ ಅಂದರು. ಅಷ್ಟರಲ್ಲಿ ಬಜ್ಜಿ ಬಂತು. ಗುರುತು ಹಾಕಿಯಾಗಿತ್ತು. ಆ ಗುರುತಿನ ಪ್ರಕಾರವೇ ಜಲ್ಲಿ ಬಿತ್ತು, ಕಾಂಕ್ರೀಟು ಬಿತ್ತು, ಎರಡಡಿ ಚೌಕದ ವಿಟ್ರಿಫೈಡ್ ಟೈಲ್ಸು ಕೂತಿತು. ವಾರದ ದಿನಗಳಲ್ಲಿ ಕ್ಯೂರಿಂಗ್ ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗೂ ಆಫೀಸಿತ್ತು. ಏಳು ದಿನ ಗೋಡೆಗೆ ನೀರು ಹಿಡಿದದ್ದು ರಾಯರ ತಾಯಿ, ಎಪ್ಪತ್ತೆಂಟು ವರ್ಷ.

ಕೊನೆಗೆ ಗಿಲಾವು ಮುಗಿಸಲು ಅದೇ ಮೇಸ್ತ್ರಿಯನ್ನೇ ಕರೆಯಬೇಕಾಯಿತು. ಆತ ಬಾಗಿಲಲ್ಲೇ ನಿಂತು, "ಯಾರ್ ಸ್ವಾಮಿ ಇದನ್ನ ಮಾಡಿದ್ದು?" ಅಂದ. ಯಾರೂ ಬಾಯಿ ಬಿಡಲಿಲ್ಲ. "ಕಟ್ಟೋ ರೇಟು ಅವತ್ತು ಹೇಳಿದ್ದು. ಒಡೆಯೋದಕ್ಕೆ ಬೇರೆ ಆಗುತ್ತೆ." ನೆಲ ಒಡೆಯುವುದು ಬೇಡವೆಂದು ತೀರ್ಮಾನವಾಯಿತು, ಗೋಡೆಯನ್ನಷ್ಟೇ ನೇರ ಮಾಡಿಸಿದರು. ಮೇಸ್ತ್ರಿಯ ಬಿಲ್ಲು, ವ್ಯರ್ಥವಾದ ಟೈಲ್ಸು, ಭಾನುವಾರಗಳ ಬಜ್ಜಿ ಕೂಡಿದರೆ ಮೊದಲು ಹೇಳಿದ ಮೊತ್ತವನ್ನು ದಾಟಿತ್ತು. ಈ ಲೆಕ್ಕ ರಾಯರ ಹೆಂಡತಿಯ ಹತ್ತಿರವಿದೆ, ಬೇಕಾದವರು ನೋಡಬಹುದು.

ಸತ್ಯನಾರಾಯಣ ಪೂಜೆ ಆಯಿತು, ಕೇಸರಿಭಾತು ಹಂಚಿದ್ದಾಯಿತು. ಸೋಮವಾರ ರಾಯರು ಗಾಲಿ ಕುರ್ಚಿಯಲ್ಲಿ ಕೂತು ಅಮೆರಿಕದವರ ಜತೆ ಮೀಟಿಂಗ್ ಶುರು ಮಾಡಿದರು. ಹೆಬ್ಬೆರಳಿನ ಫಲ ಅಲ್ಲಿ ಗೊತ್ತಾಯಿತು. ಕಾಲು ಎತ್ತಿ ಆರಾಮಾಗಿ ಒರಗಿದ್ದೇ ತಡ, ಕುರ್ಚಿ ಮೆಲ್ಲಗೆ ಶಟರಿನ ಕಡೆ ಹೊರಟಿತು. ಮಾತಿನ ನಡುವೆ ರಾಯರು ಪರದೆಯ ಒಂದು ಅಂಚಿನಿಂದ ಸರಿದು ಮಾಯವಾದರು, ದನಿ ಮಾತ್ರ ಬರುತ್ತಿತ್ತು. ಈಗ ಮೇಜಿನ ಕಾಲಿಗೆ ಒಂದು ಹಗ್ಗ ಕಟ್ಟಿದ್ದಾರೆ.

ಇನ್ನು ಸಂಪು. ಬೆಂಗಳೂರಿನ ಸಾವಿರಾರು ಮನೆಗಳಲ್ಲಿ ಸಂಪು ಇರುವುದು ಕಾರು ನಿಲ್ಲುವ ಜಾಗದ ಅಡಿಯಲ್ಲೇ. ಅದರ ಮುಚ್ಚಳ ರಾಯರ ಮೇಜಿನ ಕೆಳಗೆ ಬಂದಿತ್ತು. ನೀರು ಬಂತೋ ಇಲ್ಲವೋ ನೋಡಲು ಅಮ್ಮ ಬರಬೇಕು, ಮೇಜು ಸರಿಸಬೇಕು, ಮುಚ್ಚಳ ಎತ್ತಬೇಕು. 2024ರ ಬೇಸಿಗೆಯಲ್ಲಿ ಊರಿಗೆ ಊರೇ ಟ್ಯಾಂಕರಿನ ಹಿಂದೆ ಬಿದ್ದಾಗ, ಟ್ಯಾಂಕರಿನವನು ತೋಳುಗಾತ್ರದ ಪೈಪನ್ನು ರಾಯರ ಹೆಗಲ ಪಕ್ಕದಿಂದಲೇ ಒಳಗಿಳಿಸಿ, ಅಮೆರಿಕದವರಿಗೆ ಪರದೆಯಲ್ಲಿ ನಮಸ್ಕಾರ ಹೇಳಿ ಹೋದ. ಕರೆಂಟಿನ ಮೀಟರ್ ಬೋರ್ಡೂ ಅದೇ ಗೋಡೆಯ ಮೇಲಿದೆ. ತಿಂಗಳಿಗೊಮ್ಮೆ ರೀಡಿಂಗಿನವರು ಮೀಟಿಂಗಿಗೆ ಹಾಜರಾಗುತ್ತಾರೆ.

ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ್ದನ್ನು ಬೇರೆಯದಕ್ಕೆ ಬಳಸಿದರೆ ನಕ್ಷೆ ಉಲ್ಲಂಘನೆಯಾಗುತ್ತದಲ್ಲ ರಾಯರೇ ಎಂದೆ. ರಾಯರ ಉತ್ತರ ಸಿದ್ಧವಿತ್ತು. "ಅದಕ್ಕೇ ಶಟರ್ ತೆಗೆದಿಲ್ಲ. ಎತ್ತಿದರೆ ಆಫೀಸು, ಎಳೆದರೆ ಗ್ಯಾರೇಜು." ಮಳೆಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ವರ್ಷ ವರ್ಷ ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಎತ್ತರವಾಗಿದೆ, ರಾಯರ ಆಫೀಸು ಅಲ್ಲೇ ಇದೆ. ಮೇ ತಿಂಗಳ ಮೊದಲ ಮಳೆಗೆ ನೀರು ಶಟರಿನ ಅಡಿಯಿಂದ ನೇರವಾಗಿ ಒಳಗೆ ಬಂತು.

ರಾಯರು ಈಗ ಮತ್ತೆ ಊಟದ ಮೇಜಿಗೆ ಬಂದಿದ್ದಾರೆ. ಆಫೀಸಿನಲ್ಲಿ ಭಾನುವಾರ ಬಳಗ ಸೇರುತ್ತದೆ. ಇಸ್ಪೀಟು, ಕಾಫಿ, ಡ್ರಿಲ್ಲಿನ ತೂತುಗಳಿಗೆ ಏನು ನೇತುಹಾಕಬಹುದೆಂಬ ಚರ್ಚೆ. ಎಂಜಿನಿಯರು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದಾರೆ, ಅದಕ್ಕೆ ಗಾಲಿಯಿಲ್ಲ. ಟೆರೇಸಿನಿಂದ ತೇಗದ ಮಂಚವೂ ಕೆಳಗಿಳಿದು ಬಂದಿದೆ, ಕೂರಲು ಬೇಕಲ್ಲ. ಎಸ್‌ಯುವಿ ಮಾತ್ರ ನನ್ನ ಗೇಟಿಗೆ ಅಡ್ಡವಾಗಿ ನಿಂತಿರುತ್ತದೆ.

ನಿಮ್ಮ ಮನೆಯಲ್ಲೂ ಇಂಥದೊಂದು ಜಾಗವಿದ್ದು ಕೈ ಕಡಿಯುತ್ತಿದ್ದರೆ ಕೆಲಸ ಮೇಸ್ತ್ರಿಗೆ ಕೊಡಿ, ಸ್ನೇಹಿತರನ್ನು ಊಟಕ್ಕೆ ಕರೆಯಿರಿ. ಎರಡಕ್ಕೂ ಮೊದಲು ಸಂಪಿನ ಮುಚ್ಚಳ ಎಲ್ಲಿದೆ ನೋಡಿಕೊಳ್ಳಿ.