ಕೈಪಿಡಿ ಬಳಸುವ ಮುನ್ನ ಓದಿ

ಖಿನ್ನತೆಗೆ ಮಾತಿನ ಚಿಕಿತ್ಸೆ ಕೊಡಲು ಸಂಶೋಧಕರು ಬರೆದ ಕೈಪಿಡಿ ನಿಮ್ಮ ಕೈ ಸೇರಿದೆ. ಅಭಿನಂದನೆಗಳು. ತಕ್ಕ ರೋಗಿ, ಬಾಗಿಲಿರುವ ಕೋಣೆ, ವಾರಕ್ಕೊಂದು ಗಂಟೆ ಬಿಡುವು, ಇವನ್ನು ನೀವೇ ಹೊಂದಿಸಿಕೊಳ್ಳತಕ್ಕದ್ದು.

ಮೊದಲು ರೋಗಿಯ ಆಯ್ಕೆ. ಖಿನ್ನತೆ ಇರಬೇಕು, ಖಿನ್ನತೆಯಷ್ಟೇ ಇರಬೇಕು. ಕುಡಿತದ ಚಟದವರನ್ನು, ಬುದ್ಧಿಭ್ರಮಣೆ ಇದ್ದವರನ್ನು ಕೈಬಿಡಿ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ 1989ರಲ್ಲಿ ಫಲಿತಾಂಶ ಹೊರತಂದ ಅಧ್ಯಯನಕ್ಕೆ ಹೀಗೇ ಜರಡಿ ಹಿಡಿದು 250 ಮಂದಿಯನ್ನು ಆರಿಸಿತ್ತು. ಎರಡು ಬಗೆಯ ಮಾತಿನ ಚಿಕಿತ್ಸೆ, ಇಮಿಪ್ರಮಿನ್ ಮಾತ್ರೆ, ಹುಸಿಮಾತ್ರೆ ಎಂದು ನಾಲ್ಕು ಗುಂಪು, 16 ವಾರ. ಜರಡಿ ಹಿಡಿದದ್ದು ತಪ್ಪಲ್ಲ. ಯಾವುದರಿಂದ ಗುಣವಾಯಿತೆಂದು ತಿಳಿಯಬೇಕಲ್ಲ! ಆದರೆ ತಾಲ್ಲೂಕು ಆಸ್ಪತ್ರೆಯ ಓಪಿಡಿಯಲ್ಲಿ ಚೀಟಿ ಮಾಡಿಸಿದವರೆಲ್ಲ ಒಳಗೆ ಬರುತ್ತಾರೆ.

ಆಮೇಲೆ ಅಳತೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಕಳೆದೆರಡು ವಾರದಲ್ಲಿ ಎಷ್ಟು ದಿನ ಬೇಸರವಾಗಿತ್ತು ಎಂದು ಕೇಳಿ. 'ತಲಿ ಉರೀತದ್ರೀ, ಕೈಕಾಲು ಜೋಮು' ಎನ್ನುತ್ತಾಳೆ ಎದುರು ಕೂತ ಹೆಂಗಸು. ಪಕ್ಕದಲ್ಲಿ ನಿಂತ ಗಂಡ, 'ಏನಿಲ್ರೀ ಸರ, ಬಾಳ ವಿಚಾರ ಮಾಡ್ತಾಳ' ಎಂದು ಒಂಬತ್ತಕ್ಕೂ ಸೇರಿಸಿ ಉತ್ತರ ಕೊಡುತ್ತಾನೆ. ಅವನನ್ನು ಹೊರಗೆ ಕಳಿಸುವ ವಿಧಾನ ಯಾವ ಪುಟದಲ್ಲೂ ಇಲ್ಲ. ಚೀಟಿಗೆ ಸೀಲು ಹಾಕಿಸಿಕೊಂಡು ಬರಲು ಹೇಳಿ. ಅವನು ಬರುವವರೆಗಿನ ಹತ್ತು ನಿಮಿಷವೇ ನಿಮ್ಮ ಸೆಷನ್.

ಹೋಂವರ್ಕ್ ಕೊಡಿ: ನಡೆದದ್ದು, ಆಗ ಬಂದ ಯೋಚನೆ, ಮನಸ್ಸಿಗಾದದ್ದು ಎಂದು ಗೆರೆ ಎಳೆದ ಹಾಳೆ. 'ನನಗ ಬರಿಯಾಕ ಬರಂಗಿಲ್ರೀ' ಎಂದರೆ ಹಾಳೆ ಮಡಚಿಟ್ಟು ಬಾಯಲ್ಲೇ ಹೇಳಿಸಿ. ಸಂಶೋಧಕರು ಇದನ್ನು ಕೈಪಿಡಿಗೆ ತಪ್ಪಿ ನಡೆದದ್ದು ಎಂದು ಬರೆದುಕೊಳ್ಳುತ್ತಾರೆ. ಬರೆದುಕೊಳ್ಳಲಿ.

ಅನುಭವಿ ವೈದ್ಯರಿಗೆ ಪ್ರತ್ಯೇಕ ಸೂಚನೆ: ಇಷ್ಟು ವರ್ಷ ನೋಡಿದ್ದೇನೆ, ನನಗೇಕೆ ಈ ಅಂಕಿಯ ಗೊಡವೆ ಎನ್ನಬೇಡಿ. ವಾಸಿಯಾದವರು ಬಂದು ಕೈಮುಗಿಯುತ್ತಾರೆ, ಆಗದವರು ಇತ್ತ ತಲೆಹಾಕುವುದೇ ಇಲ್ಲ. ಹೀಗಾಗಿ ನಿಮ್ಮ ಲೆಕ್ಕದಲ್ಲಿ ಎಲ್ಲರೂ ವಾಸಿ.

ಮುಂದಿನ ವಾರ ಆಕೆ ಬರದಿದ್ದರೆ 'ಮಧ್ಯದಲ್ಲೇ ಬಿಟ್ಟವರು' ಎಂಬ ಕಾಲಂಗೆ ಹಾಕಬಹುದು. ಅಥವಾ ಗೋವಾದ ದಾರಿ ಹಿಡಿಯಬಹುದು. ಸಂಶೋಧಕ ವಿಕ್ರಂ ಪಟೇಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಲ್ಲಿನ ಪ್ರಯೋಗದಲ್ಲಿ ಮನೋವೈದ್ಯರಲ್ಲದ, ತರಬೇತಿ ಪಡೆದ ಆಪ್ತಸಮಾಲೋಚಕರು 6ರಿಂದ 8 ಸೆಷನ್ ನಡೆಸಿದರು, ಆರೋಗ್ಯ ಕೇಂದ್ರದಲ್ಲಿ ಇಲ್ಲವೇ ರೋಗಿಯ ಮನೆಗೇ ಹೋಗಿ. ಮಾಮೂಲಿ ಚಿಕಿತ್ಸೆಯಷ್ಟೇ ಪಡೆದವರಿಗಿಂತ ಈ ಸೆಷನ್‌ಗಳನ್ನೂ ಪಡೆದ ರೋಗಿಗಳು ಹೆಚ್ಚು ಸುಧಾರಿಸಿದರು. ನೀವೂ ಹೋಗಿಬನ್ನಿ. ಬಸ್ ಚಾರ್ಜನ್ನು ಯಾವ ಲೆಕ್ಕಶೀರ್ಷಿಕೆಯಡಿ ಬಿಲ್ ಮಾಡಬೇಕೆಂದು ಆಫೀಸಿನ ಗುಮಾಸ್ತರನ್ನು ಕೇಳಿ.