ಆರೂವರೆ ಡಿಗ್ರಿಯ ಸುಖ

ಕಾಸರಗೋಡು ಜಿಲ್ಲೆಯಲ್ಲಿ ಪುಕ್ಕಟೆಯಾಗಿ, ಅರ್ಜಿ ಹಾಕದೆ, ಭಾಷೆ ಕೇಳದೆ ಎಲ್ಲರಿಗೂ ಸಿಗುವ ಸರಕು ಒಂದೇ: ಗುರುತ್ವಾಕರ್ಷಣೆ. ಬಾಯಾರು, ಪಡ್ರೆಯ ಗುಡ್ಡಗಳ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಸುರಂಗ ತೋಡಿದ ಹಿರಿಯರು ಒಳಗೆ ಒಂದಿಷ್ಟು ಇಳಿಜಾರು ಕೊಟ್ಟು ಸುಮ್ಮನಾದರು. ನೀರು ತಾನೇ ನಡೆದು ಅಂಗಳಕ್ಕೆ ಬಂತು. ಇಲ್ಲಿ ತೆಂಗಿನಕಾಯಿ ಬೀಳುತ್ತದೆ, ಅಡಿಕೆ ಬೀಳುತ್ತದೆ, ಅಡಿಕೆಯ ರೇಟೂ ಬೀಳುತ್ತದೆ. ಇಂಥ ಊರಿನಲ್ಲಿ, ಒಂದು ಗುಂಡು ಕೆಳಕ್ಕೆ ಉರುಳುವುದನ್ನು ನೋಡಲು ಕಂಪ್ಯೂಟರೇ ಬೇಕು ಎಂದು ತೀರ್ಮಾನಿಸಿದವರು ನಮ್ಮ ಭಾವ.

ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನ ಚಾವಡಿಯಲ್ಲಿ ಕೂತು ಮಾಡುವ ಭಾಗ್ಯ ಅವರದು. ಭಾಗ್ಯ ಹೆಚ್ಚಾದವರಿಗೆ ಹವ್ಯಾಸ ಬೇಕಾಗುತ್ತದೆ. ಹಾಗೆ ಮನೆಗೆ ಬಂದದ್ದು ಡಿಜಿಟಲ್ ಪಿನ್‌ಬಾಲ್.

ಪಿನ್‌ಬಾಲ್ ಗೊತ್ತಿಲ್ಲ ಎನ್ನಬೇಡಿ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಡಿಟಿಪಿ ಅಂಗಡಿಯಲ್ಲಿ ಮದುವೆ ಕಾಗದದ ಪ್ರೂಫಿಗೆ ಕಾಯುತ್ತ, ಎಡಗೈಯ ಝಡ್ ಕೀಲಿ ಸವೆಯುವ ತನಕ ಆಡಿದ ಆ ಬಾಹ್ಯಾಕಾಶದ ಆಟವೇ ಅದು. ವಿಸ್ತಾ ಬಂದಾಗ ಅದನ್ನು ಕೈಬಿಟ್ಟರು. ಅಸಲಿ ಯಂತ್ರದಲ್ಲಾದರೆ ಸುಮಾರು 80 ಗ್ರಾಂ ತೂಗುವ ಉಕ್ಕಿನ ಗುಂಡು, ಗಾಜಿನ ಕೆಳಗೆ ಆರೂವರೆ ಡಿಗ್ರಿ ಓರೆಯಾಗಿಟ್ಟ ಹಲಗೆ, ಗುಂಡನ್ನು ಚಿಮ್ಮಿಸುವ ಸ್ಪ್ರಿಂಗು, ಉರುಳಿ ಬಂದದ್ದನ್ನು ಮತ್ತೆ ಮೇಲಕ್ಕೆ ಹೊಡೆಯುವ ಎರಡು ಫ್ಲಿಪ್ಪರುಗಳು. ಡಿಜಿಟಲ್ ಯಂತ್ರದಲ್ಲಿ ಗುಂಡಿಲ್ಲ, ಹಲಗೆಯಿಲ್ಲ. ಇವೆ ಎಂದು ನಂಬಿಸುವ ಸಾಮಾನುಗಳು ಮಾತ್ರ ಕೋಣೆ ತುಂಬ.

ಮೊದಲು ನಲವತ್ತಮೂರು ಇಂಚಿನ ಟಿ.ವಿ.ಯನ್ನು ಗೋಡೆಯಿಂದ ಬಿಚ್ಚಿ ಮರದ ಪೆಟ್ಟಿಗೆಯೊಳಗೆ ಅಂಗಾತ ಮಲಗಿಸಿದರು. ಅಜ್ಜಿ ಬಂದು ಬಗ್ಗಿ ನೋಡಿದರು. “ಎಂತ ಮಾಣಿ, ಟಿವಿಗೆ ಸೌಖ್ಯ ಇಲ್ಲೆಯಾ? ಎಂತಕೆ ಮನುಗಿದ್ದು?” ಮಲಗಿದ್ದರ ತಲೆಯ ಕಡೆ ಇನ್ನೊಂದು ಟಿ.ವಿ. ನಿಂತಿತು, ಅದರ ಕೆಳಗೆ ಅಂಕ ತೋರಿಸಲು ಮೂರನೆಯ ಪರದೆ ಬಂತು. ಧಾರಾವಾಹಿ ನೋಡಲು ಒಂದೂ ಉಳಿಯಲಿಲ್ಲ.

ಚಿತ್ರದಲ್ಲಿ ಫ್ಲಿಪ್ಪರ್ ಎದ್ದಾಗ ಕೈಗೆ ಟಕ್ಕೆಂದು ಪೆಟ್ಟು ತಾಗಬೇಕಂತೆ. ಅದಕ್ಕಾಗಿ ಈ ಹವ್ಯಾಸದವರು ಪೆಟ್ಟಿಗೆಯೊಳಗೆ ಕಾಂಟ್ಯಾಕ್ಟರ್ ಕೂರಿಸುತ್ತಾರೆ. ತೋಟದ ಪಂಪಿನ ಸ್ಟಾರ್ಟರಿನಲ್ಲಿರುವುದೂ ಅದೇ ಜಾತಿಯ ಸಾಮಾನು. ಪಂಪಿನದು ಟಕ್ಕೆಂದರೆ ತೋಟಕ್ಕೆ ನೀರು ಬರುತ್ತದೆ. ಇದು ಟಕ್ಕೆಂದರೆ ಟಕ್ಕೆನ್ನುತ್ತದೆ, ಅಷ್ಟೆ.

ಆಮೇಲೆ ಹಿಡಿದದ್ದು ಲ್ಯಾಗ್ ಎಂಬ ಪೀಡೆ. ಬಟನ್ ಒತ್ತಿದ್ದಕ್ಕೂ ಪರದೆಯ ಫ್ಲಿಪ್ಪರ್ ಏಳುವುದಕ್ಕೂ ನಡುವೆ ಸೆಕೆಂಡಿನ ಯಾವುದೋ ಚೂರು ತಡ. ಭಾವ ನಿದ್ದೆಗೆಟ್ಟು ಟಿ.ವಿ.ಯ ಸೆಟ್ಟಿಂಗುಗಳನ್ನೆಲ್ಲ ಜಾಲಾಡಿದರು. ಕಾಸರಗೋಡು ಕೇರಳಕ್ಕೆ ಸೇರಿದಾಗ, ಕನ್ನಡ ನಾಡೇ ಬೇಕೆಂದು ಇದೇ ಮನೆಯ ಅಜ್ಜ 1956ರಲ್ಲಿ ಒಂದು ಬಟನ್ ಒತ್ತಿದ್ದರು. 1967ರಲ್ಲಿ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಎಂದು ವರದಿ ಕೊಟ್ಟಿತು. ಪರದೆಯ ಮೇಲೆ ಇನ್ನೂ ಏನೂ ಕದಲಿಲ್ಲ. ಆ ವಂಶದ ಕುಡಿ ಈಗ ಮಿಲಿಸೆಕೆಂಡಿಗೆ ಕೊರಗುತ್ತದೆ.

ಇನ್ನು ಟಿಲ್ಟ್. ಅಸಲಿ ಯಂತ್ರವನ್ನು ಆಟಗಾರ ಮೆಲ್ಲಗೆ ತಳ್ಳಿ ಗುಂಡಿನ ದಾರಿ ತಿದ್ದಬಹುದು, ಅದು ಆಟದೊಳಗಿನದೇ. ಅಲ್ಲಾಡಿಸಿದ್ದು ಜಾಸ್ತಿಯಾದರೆ ಒಳಗೆ ತೂಗುವ ಲೋಲಕ ಸುತ್ತಲಿನ ಬಳೆಗೆ ತಾಗುತ್ತದೆ. ಫ್ಲಿಪ್ಪರುಗಳು ಸಾಯುತ್ತವೆ, ಗುಂಡು ಕಣ್ಣೆದುರೇ ಹೊಂಡಕ್ಕೆ ಇಳಿಯುತ್ತದೆ. ಡಿಜಿಟಲಿನಲ್ಲಿ ಲೋಲಕದ ಜಾಗಕ್ಕೆ ಅಕ್ಸೆಲೆರೋಮೀಟರ್. ಎಷ್ಟು ಅಲ್ಲಾಡಿಸಿದರೆ ತಪ್ಪು ಎಂದು ಯಂತ್ರಕ್ಕೆ ಮೊದಲೇ ಹೇಳಿಕೊಡಬೇಕು. ಗಡಿನಾಡಿನವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಮೆಲ್ಲಗೆ ತಳ್ಳಿದರೆ ತಿರುವನಂತಪುರಕ್ಕೆ ತಿಳಿಯುವುದೇ ಇಲ್ಲ, ಜೋರಾಗಿ ತಳ್ಳಿದರೆ ಟಿಲ್ಟ್. ಆಚೆಯವರೇನು ಕಡಿಮೆಯೆ? 2020ರ ಮಾರ್ಚಿನಲ್ಲಿ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬ್ಯುಲೆನ್ಸುಗಳನ್ನೂ ತಡೆಯಿತು. ಕನ್ನಡ ಬರುವ ರೋಗಿ, ಬಾರದ ರೋಗಿ ಎಂಬ ಭೇದವನ್ನು ಆ ಮಣ್ಣಿನ ರಾಶಿ ಮಾಡಲಿಲ್ಲ.

ಪೆಟ್ಟಿಗೆ ನೋಡಲು ಬಂದ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: “ಇದರಲ್ಲಿ ಪೈಸೆ ಬಕ್ಕಾ?” ಹಳೆಯ ಪ್ರಶ್ನೆ. ಪೈಸೆಯ ಗುಮಾನಿಯಿಂದಲೇ ನ್ಯೂಯಾರ್ಕ್ ನಗರ 1942ರಲ್ಲಿ ಪಿನ್‌ಬಾಲನ್ನು ಜೂಜೆಂದು ನಿಷೇಧಿಸಿತು. ಮೇಯರ್ ಲಗ್ವಾರ್ಡಿಯ ಸುತ್ತಿಗೆ ಹಿಡಿದು ಯಂತ್ರ ಒಡೆಯುತ್ತ ಫೋಟೋಕ್ಕೆ ನಿಂತರು. 1976ರಲ್ಲಿ ರೋಜರ್ ಶಾರ್ಪ್ ಎಂಬ ಪತ್ರಕರ್ತ ನಗರಸಭೆಯವರ ಎದುರು ಆಡಿ, ಗುಂಡು ಇಂಥ ದಾರಿಯಲ್ಲೇ ಹೋಗುತ್ತದೆಂದು ಮೊದಲೇ ಹೇಳಿ ಹಾಗೇ ಕಳಿಸಿದ. ಅದೃಷ್ಟವಲ್ಲ, ಕೈಚಳಕ ಎಂದು ನಿಷೇಧ ತೆಗೆದರು. ಆ ಹೊಡೆತದಲ್ಲಿ ಅದೃಷ್ಟವೂ ಇತ್ತೆಂದು ಆತನೇ ಆಮೇಲೆ ಒಪ್ಪಿಕೊಂಡ, ಅದು ಬೇರೆ ಮಾತು.

ನಮ್ಮಲ್ಲಿ ಹುಂಜಕ್ಕೆ ಈ ಅವಕಾಶವಿಲ್ಲ. ಕೋಳಿ ಅಂಕಕ್ಕೆ ಪೊಲೀಸರು ಬಂದರೆ ಕಟ್ಟಿದವರು ಗುಡ್ಡ ಹತ್ತಿ ಓಡುತ್ತಾರೆ, ಹುಂಜ ಸಿಕ್ಕಿಬಿದ್ದು ಹರಾಜಾಗುತ್ತದೆ. ಉತ್ಸವದ ಗದ್ದೆಯ ಮೂಲೆಯಲ್ಲಿ ಆನೆ, ನವಿಲು, ಒಂಟೆಯ ಚಿತ್ರದ ಮೇಲೆ ಹತ್ತು ರೂಪಾಯಿ ಇಟ್ಟರೆ ಜೂಜು. ಬಸ್ ಸ್ಟ್ಯಾಂಡಿನಲ್ಲಿ ಲಾಟರಿ ಕೊಂಡರೆ ರಾಜ್ಯದ ಅಭಿವೃದ್ಧಿ. ಕೇರಳ ಸರಕಾರ ಈ ಅಂಗಡಿ ತೆರೆದದ್ದು 1967ರಲ್ಲಿ. ಟಿಕೇಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. ಮಹಾಜನ ವರದಿ ಬಂದದ್ದೂ ಅದೇ ವರ್ಷ. ಎರಡರಲ್ಲಿ ಒಂದರ ಡ್ರಾ ಮಾತ್ರ ತಪ್ಪದೆ ನಡೆಯುತ್ತಿದೆ.

ಭಾವ ಆಡಿದ್ದನ್ನು ಕಂಡವರು ಮನೆಯಲ್ಲಿ ಯಾರೂ ಇಲ್ಲ. ಕಂಪ್ಯೂಟರ್ ಅಪ್‌ಡೇಟ್ ಆದರೆ ಒಂದನೆಯ ಪರದೆ ಮೂರನೆಯದಾಗಿ, ಗುಂಡು ಅಂಕದ ಜಾಗದಲ್ಲಿ ಓಡುತ್ತದೆ. ಸರಿಪಡಿಸುವಷ್ಟರಲ್ಲಿ ಗುಡುಗು, ಎಲ್ಲ ಪ್ಲಗ್ ಕಿತ್ತಿಡಬೇಕು. ಕರೆಂಟು ಬಂದ ಮೇಲೆ ಮತ್ತೆ ಮೊದಲಿಂದ. ಅವರನ್ನು ಮಾತ್ರ ದೂರುವುದು ಅನ್ಯಾಯ. ನಮ್ಮ ಗಡಿನಾಡಿನ ಸಮ್ಮೇಳನಗಳೂ ಹೀಗೇ ಅಲ್ಲವೆ: ಸ್ವಾಗತ ಸಮಿತಿ, ಉಪಸಮಿತಿ, ಫ್ಲೆಕ್ಸಿನಲ್ಲಿ ಯಾರ ಮುಖ ಎಷ್ಟು ದೊಡ್ಡದು ಎಂಬ ಚರ್ಚೆ, ಮೈಕಿನವನ ಹಲೋ ಹಲೋ. ಕನ್ನಡದ ಬಗ್ಗೆ ಮಾತಾಡಬೇಕಾದವನ ಸರದಿ ಬರುವಾಗ ಊಟದ ಗಂಟೆ. ಮಕ್ಕಳನ್ನು ಯಾವ ಶಾಲೆಗೆ ಕಳಿಸಿದ್ದೀರಿ ಎಂದು ವೇದಿಕೆಯಲ್ಲಿದ್ದವರನ್ನು ಕೇಳಿ ನೋಡಿ, ಅಲ್ಲೇ ಟಿಲ್ಟ್.

ಇತ್ತೀಚೆಗೆ ಭಾವನಿಗೆ ಜ್ಞಾನೋದಯವಾಗಿದೆ: ಎಷ್ಟು ಟಕ್ಕೆನ್ನಿಸಿದರೂ ನಕಲಿ ನಕಲಿಯೇ, ಅಸಲಿ ಯಂತ್ರವನ್ನೇ ತರಿಸಬೇಕು. ನೂರು ಕಿಲೋಗಿಂತ ಹೆಚ್ಚು ಭಾರದ್ದು, ಅಮೆರಿಕದ ಕರೆಂಟಿನದಾದರೆ ಟ್ರಾನ್ಸ್‌ಫಾರ್ಮರೂ ಬೇಕು. ಇಡುವ ಜಾಗಕ್ಕಾಗಿ ವಾಸ್ತುವಿನವರನ್ನು ಕರೆಸಿದರು. ಅವರು ಯಂತ್ರದ ಇಳಿಜಾರು ಕೇಳಿ ಬಹಳ ಸಂತೋಷಪಟ್ಟರು. ಕನ್ನಿಮೂಲೆ ಎತ್ತರ, ಈಶಾನ್ಯ ತಗ್ಗು. ಹಾಗೆ ತಿರುಗಿಸಿಟ್ಟರೆ ಆರೂವರೆ ಡಿಗ್ರಿಯೂ ಶುಭವೇ ಅಂತೆ. ಒಂದೇ ತೊಂದರೆ. ಅವರು ತೋರಿಸಿದ ಜಾಗದಲ್ಲಿ ಮಾಡಿನವರೆಗೆ ಅಡಿಕೆ ಗೋಣಿಗಳಿವೆ, ರೇಟು ಏರದೆ ಅವನ್ನು ಮುಟ್ಟಲು ದೊಡ್ಡಪ್ಪ ಬಿಡುವುದಿಲ್ಲ.